ಉಳ್ಳಾಲದ ಗೋಡೆಯಲ್ಲಿ ಒಂದು ಬೆರಳಗಲದ ದಾರಿ

ಕೊರೊನಾ ಮುಗಿದ ನಂತರದ ಎರಡನೆಯ ವರ್ಷ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಕೆಲಸದಿಂದ ನಿವೃತ್ತಳಾದ ನಾನು ಬೋಳಾರದ ನಮ್ಮ ಮನೆಯ ಕಾರ್ ಶೆಡ್ಡಿನಲ್ಲಿ ಕೈಯಿಂದ ಸೆರಾಮಿಕ್ ಟೈಲ್ ಮಾಡಲು ಶುರು ಮಾಡಿದ್ದೆ. ಶೆಡ್ಡಿನಲ್ಲಿ ಕಾರಿನ ಬದಲು ಒಂದು ವಿದ್ಯುತ್ ಕಿಲ್ನ್ ಇತ್ತು. ಕಿಲ್ನ್ ಎಂದರೆ ಮಣ್ಣನ್ನು ಸುಮಾರು ಸಾವಿರ ಡಿಗ್ರಿಯವರೆಗೆ ಸುಡುವ, ದಪ್ಪ ಗೋಡೆಯ ಪೆಟ್ಟಿಗೆ. ಗಿರಾಕಿಗಳು ಹೆಚ್ಚಾಗಿ ಅಡುಗೆಮನೆಯ ಗೋಡೆಗೆ ಹೂವು, ಬಳ್ಳಿ ಕೇಳುತ್ತಿದ್ದರು. ಝೊಹರಾ ಕೇಳಿದ್ದು ಬೇರೆ.

ಅವಳು ನನ್ನ ಹಳೆಯ ವಿದ್ಯಾರ್ಥಿನಿ, ಉಳ್ಳಾಲದಲ್ಲಿ ತಾಯಿಯ ಜೊತೆ ಇರುವವಳು. "ಟೀಚರ್, ನನಗೆ ಚಂದಕ್ಕೆ ಅಲ್ಲ. ಉಮ್ಮನಿಗೆ ಮುಟ್ಲಿಕ್ಕೆ ಬೇಕು" ಅಂದಳು.

ಅವಳ ಉಮ್ಮ ಬೀಫಾತಿಮ್ಮರಿಗೆ ಗ್ಲಾಕೋಮಾದಿಂದ ಎರಡೂ ಕಣ್ಣು ಹೋಗಿತ್ತು. ಹೋದದ್ದು ನಿಧಾನವಾಗಿ; ಆದ್ದರಿಂದ ಮನೆಯನ್ನು ಕೈಯಿಂದ ಕಲಿಯಲು ಅವರಿಗೆ ಸಮಯ ಸಿಕ್ಕಿತ್ತು. ಸುಣ್ಣದ ಗೋಡೆ ಎಲ್ಲಿ ಒರಟು, ಬಾಗಿಲಿನ ದಾರಂದ ಎಲ್ಲಿ ಸವೆದಿದೆ ಎಂಬ ಗುರುತು ಹಿಡಿದು ಕೋಣೆಯಿಂದ ಹಿಂದಿನ ಬಚ್ಚಲಿಗೆ ಒಬ್ಬರೇ ಹೋಗಿ ವುಳೂ ಮಾಡಿ, ಅಂದರೆ ನಮಾಝಿನ ಮೊದಲು ಕೈ, ಮುಖ, ಕಾಲು ತೊಳೆದು, ಬರುತ್ತಿದ್ದರು. ಆಮೇಲೆ ದಮ್ಮಾಮಿನಲ್ಲಿರುವ ಮಗ ಹನೀಫ್ ಮನೆ ರಿಪೇರಿ ಮಾಡಿಸಿದ. ಓಣಿಯಂಥ ಉದ್ದದ ಪ್ಯಾಸೇಜಿನ ಗೋಡೆಗೆ ಎದೆಯೆತ್ತರದವರೆಗೆ ನುಣ್ಣಗೆ ಹೊಳೆಯುವ ವಿಟ್ರಿಫೈಡ್ ಟೈಲ್ ಬಂತು. ಕಣ್ಣಿರುವವರೆಲ್ಲ ಮೆಚ್ಚಿದರು. ಬೀಫಾತಿಮ್ಮರಿಗೆ ಮಾತ್ರ ಮನೆಯೇ ಅಳಿಸಿಹೋದಂತಾಯಿತು. ಒಂದು ಬೆಳಿಗ್ಗೆ ದಾರಿ ತಪ್ಪಿ ಬಿದ್ದು ಎಡ ಮಣಿಕಟ್ಟು ಮುರಿಯಿತು.

ಹನೀಫ್ ಫೋನಿನಲ್ಲೇ ತೀರ್ಮಾನಿಸಿದ: ಉಮ್ಮನ ಕೋಣೆಯೊಳಗೇ ಒಂದು ಮೂಲೆಗೆ ಗೋಡೆ ಕಟ್ಟಿ ಕಮೋಡ್ ಇಡುವುದು, ಅವರು ಹೊರಗೆ ಬರುವುದೇ ಬೇಡ. ಮೇಸ್ತ್ರಿಗೂ ಹೇಳಿ ಆಗಿತ್ತು. "ಮಲಗುವುದೂ ಅಲ್ಲೇ, ತೊಳೆಯುವುದೂ ಅಲ್ಲೇ. ನಾನು ಎಂತ, ಅಕ್ವೇರಿಯಂ ಮೀನಾ?" ಎಂದು ಬೀಫಾತಿಮ್ಮ ಮಗಳನ್ನು ಕೇಳಿದರಂತೆ. ಮೇಸ್ತ್ರಿ ಬರುವ ಮುಂಚೆ ಅವರು ತಾವೇ ನಡೆದು ತೋರಿಸಬೇಕಿತ್ತು.

ನನ್ನ ಮೊದಲ ಯೋಜನೆ ಓದಿದವಳ ಯೋಜನೆ. ಕೋಣೆಯ ಬಾಗಿಲ ಬಳಿ ಉಬ್ಬು ಎಲೆ, ಅಡುಗೆಮನೆಯ ಬಳಿ ಮೀನು, ಬಚ್ಚಲ ಬಳಿ ತಂಬಿಗೆ. ಮಾದರಿಗಳನ್ನು ಗೋಡೆಗೆ ಟೇಪಿನಲ್ಲಿ ಅಂಟಿಸಿ ಬೀಫಾತಿಮ್ಮರ ಬಲಗೈಯನ್ನು ಒಂದರ ಮೇಲೆ ಇಟ್ಟೆ.

"ಇದು ಎಂತ ಬಾಯಮ್ಮ?" ಎಂದು ನನ್ನನ್ನು ಕೇಳಿದರು.

"ಮೀನು."

"ಯಾವ ಮೀನು?"

ಅವರು ಮತ್ತೊಮ್ಮೆ ಸವರಿದರು. "ಬಾಲ ಬಂಗುಡೆಯದ್ದು, ತಲೆ ಯಾರದ್ದೋ. ಇದನ್ನು ಮಾರಿದವನಿಗೆ ವಾಪಸ್ ಕೊಡಿ."

ಝೊಹರಾ ನಕ್ಕಳು, ನಾನೂ ನಕ್ಕೆ. ಆದರೆ ತೊಂದರೆ ನನ್ನ ಮೀನಿನದಲ್ಲ. ಪ್ರತಿ ಚಿತ್ರದ ಬಳಿ ಅವರ ಕೈ ನಿಲ್ಲುತ್ತಿತ್ತು, ಕೈ ನಿಂತರೆ ಕಾಲೂ ನಿಲ್ಲುತ್ತಿತ್ತು, ಮತ್ತೆ ಹೊರಡುವಾಗ ದೇಹ ಓಲಾಡುತ್ತಿತ್ತು. "ನಡೆಯುವಾಗ ಯಾರಾದ್ರೂ ಪುಸ್ತಕ ಓದ್ತಾರಾ?" ಎಂದರು.

ಚಿತ್ರಗಳನ್ನು ಬಿಟ್ಟೆ. ಅಂಗೈ ಅಗಲದ ಚೌಕ ಟೈಲಿನ ನಡುವೆ, ಒಂದು ಬೆರಳು ಜಾರುವಷ್ಟು ತಗ್ಗಾದ ಗೆರೆ. ಟೈಲಿನಿಂದ ಟೈಲಿಗೆ ಅದೇ ಮುಂದುವರಿಯುತ್ತದೆ. ಅಡುಗೆಮನೆಯ ಬಾಗಿಲು ಬರುವ ಮುಂಚೆ ಅಂಗಿಯ ಗುಂಡಿಯಂಥ ಒಂದು ಉಬ್ಬು, ಅಷ್ಟೇ. ಹೇಳಲು ಸುಲಭ. ಹಸಿ ಮಣ್ಣು ಒಣಗಿ ಸುಡುವಷ್ಟರಲ್ಲಿ ಸುಮಾರು ಹತ್ತರಲ್ಲಿ ಒಂದು ಭಾಗ ಕುಗ್ಗುತ್ತದೆ, ಆದ್ದರಿಂದ ಗೆರೆಯನ್ನು ಅವರ ಬೆರಳಿಗಿಂತ ಅಗಲವಾಗಿ ಒತ್ತಬೇಕು. ಬೇಗ ಒಣಗಿಸಿದರೆ ಟೈಲಿನ ಮೂಲೆ ಮೇಲೇಳುತ್ತದೆ. ಪಕ್ಕದ ಟೈಲಿನ ಜೊತೆ ಸಮ ಕೂರದ ಅಂಚು ಬೆರಳನ್ನು ಕೊಯ್ಯುತ್ತದೆ. ಹಾಗಾಗಿ ಹಲಗೆಗಳ ನಡುವೆ, ಪತ್ರಿಕೆಯ ಹಾಳೆ ಹಾಕಿ ನಿಧಾನವಾಗಿ ಒಣಗಿಸಿದೆ. ಗ್ಲೇಝ್, ಅಂದರೆ ಗಾಜಿನಂತೆ ನುಣ್ಣಗೆ ಹೊಳೆಯುವ ಲೇಪ, ಹಾಕಲಿಲ್ಲ. ಆ ನುಣುಪಿನಿಂದಲೇ ಅಲ್ಲವೇ ಅವರು ದಾರಿ ಕಳೆದುಕೊಂಡದ್ದು.

ಅಂಟಿಸಿದವರು ಉಮೇಶ್, ನನ್ನ ಕೆಲಸಗಳಿಗೆಲ್ಲ ಬರುವ ಟೈಲ್ ಕೆಲಸದವರು. ಇದನ್ನು ಕೂರಿಸಲು ಬಲಗಡೆಯ ಗೋಡೆಯ ಹೊಸ ಟೈಲನ್ನು ಮಷೀನಿನಿಂದ ಪಟ್ಟಿಯಾಗಿ ಕೊರೆಯುವಾಗ ಅವರಿಗೆ ಸಂಕಟ. "ಇಷ್ಟು ಚಂದದ ಗೋಡೆಗೆ ಗಾಯ ಮಾಡುವುದಾ ಮಾರಾಯ್ರೆ!" ಎಂದು ಧೂಳಿನೊಳಗಿನಿಂದಲೇ ಗೊಣಗಿದರು. ಟೈಲುಗಳ ಸಂದಿಗೆ ಗ್ರೌಟ್ ಎಂಬ ತೆಳು ಗಾರೆ ತುಂಬಿದ ಮೇಲೆ ಗೆರೆಯೊಳಗೆ ಸೇರಿದ್ದನ್ನು ಸ್ಪಂಜಿನಿಂದ ಒರೆಸಿ ತೆಗೆದರು. ಒಣಗಲು ಬಿಟ್ಟು ನಾವು ಮತ್ತೆ ಸೇರಿದ್ದು ಎರಡು ದಿನ ಕಳೆದು.

ಬೀಫಾತಿಮ್ಮ ಕೋಣೆಯ ಹೊಸ್ತಿಲಲ್ಲಿ ನಿಂತು ಬಲಗೈಯ ತೋರುಬೆರಳನ್ನು ಗೆರೆಯೊಳಗೆ ಇಟ್ಟರು. ನಡೆದರು. ಉಬ್ಬು ಸಿಕ್ಕಿದಾಗ ತಲೆಯಾಡಿಸಿ, ಅಡುಗೆಮನೆಯ ಬಾಗಿಲನ್ನು ದಾಟಿ, ಮತ್ತೆ ಗೆರೆ ಹಿಡಿದು ಬಚ್ಚಲು ಮುಟ್ಟಿದರು. ಝೊಹರಾ ಅದನ್ನೆಲ್ಲ ಫೋನಿನಲ್ಲಿ ತೆಗೆದು ದಮ್ಮಾಮಿಗೆ ಕಳಿಸಿಯೂ ಬಿಟ್ಟಳು. ಉಮೇಶ್ ಸಾಮಾನು ಚೀಲಕ್ಕೆ ತುಂಬತೊಡಗಿದರು.

ಬೀಫಾತಿಮ್ಮ ಮಾತ್ರ ಬಚ್ಚಲಿನ ಬಾಗಿಲಲ್ಲೇ ನಿಂತಿದ್ದರು. ತಿರುಗಿದಾಗ ಬಲಗಡೆ ಇದ್ದ ಗೋಡೆ ಎಡಗಡೆ ಆಗಿತ್ತು. ಮುರಿದು ಕೂಡಿದ ಎಡಗೈ ಗೆರೆಯ ಎತ್ತರಕ್ಕೆ ಏಳುತ್ತಿರಲಿಲ್ಲ, ಬೆರಳುಗಳಲ್ಲಿ ಇನ್ನೂ ಜೋಮು. ಬಲಗೈ ಗಾಳಿಯಲ್ಲಿ ಗೋಡೆ ಹುಡುಕುತ್ತಿತ್ತು.

"ಬಂದದ್ದಾಯ್ತು. ಇನ್ನು ನನ್ನ ಹಾಸಿಗೆ ಇಲ್ಲಿಗೇ ತನ್ನಿ" ಅಂದರು. ಯಾರೂ ನಗಲಿಲ್ಲ.

ವಾಪಸ್ ಬರುವ ದಾರಿಯ ಮಾತನ್ನು ಮೊದಲು ಎತ್ತಿದ್ದು ನಾನೇ ಎಂದು ನನ್ನ ನೆನಪು. ಉಮೇಶ್ ಪ್ರಕಾರ ಎತ್ತಿದ್ದು ಅವರೇ. ಝೊಹರಾ ಹೇಳುವುದು, ಯಾರೂ ಏನೂ ಹೇಳಲಿಲ್ಲ, ನಾವೆಲ್ಲ ಸುಮ್ಮನೆ ಎದುರಿನ ಗೋಡೆಯ ಕಡೆ ನೋಡಿದೆವು ಎಂದು. ನನ್ನ ನೆನಪು ನನಗೆ ಅನುಕೂಲವಾದದ್ದನ್ನೇ ಉಳಿಸಿಕೊಳ್ಳುವುದನ್ನು ಬೇರೆ ಸಂದರ್ಭಗಳಲ್ಲೂ ಕಂಡಿದ್ದೇನೆ, ಹಾಗಾಗಿ ಝೊಹರಾಳ ಮಾತನ್ನು ನಂಬುತ್ತೇನೆ.

ಎದುರಿನ ಗೋಡೆಯಲ್ಲಿ ಹನೀಫ್ ಮಾಡಿಸಿದ ತೇಗದ ಶೋಕೇಸ್ ಇತ್ತು. ಗೋಡೆಗೇ ಕೂರಿಸಿದ್ದು, ಗಾಜಿನ ಬಾಗಿಲು, ಒಳಗೆ ದೀಪ, ಗಲ್ಫಿನಿಂದ ತಂದ ಚಹಾ ಕಪ್ಪುಗಳು. ಅದು ಇರುವವರೆಗೆ ಬರುವ ದಾರಿಗೆ ಗೆರೆ ಇಲ್ಲ. ಈಗ ಹಾಕಿದ ಪಟ್ಟಿಯನ್ನೇ ಎಡಗೈಗೆ ಎಟಕುವಷ್ಟು ಕೆಳಗಿಳಿಸಬಹುದೇ ಎಂದು ನಾನು ಕೇಳಿದೆ. ಜೋಮು ಹಿಡಿದ ಬೆರಳಿಗೆ ಗೆರೆ ಯಾವುದು, ಗೋಡೆ ಯಾವುದು ಎಂದೇ ತಿಳಿಯುವುದಿಲ್ಲ ಎಂದು ಝೊಹರಾ ತಲೆಯಾಡಿಸಿದಳು. ಹನೀಫ್‌ಗೆ ವಿಡಿಯೋ ಕಾಲ್ ಮಾಡಿದಳು. ಅವರು ಮಾತಾಡಿದ್ದು ಬ್ಯಾರಿ ಭಾಷೆಯಲ್ಲಿ. ಆಮೇಲೆ ಝೊಹರಾ ನನಗೆ ಕನ್ನಡದಲ್ಲಿ ಹೇಳಿದ್ದರಿಂದ ಇಲ್ಲಿರುವ ಶಬ್ದಗಳು ಅವಳವು.

"ಉಮ್ಮಾ, ಅದನ್ನು ಒಡೆಯುವುದಾ? ಮನೆಗೆ ಬಂದವರೆಲ್ಲ ಅದನ್ನೇ ಹೊಗಳುವುದು."

"ಹೌದು ಮಗಾ, ಚಂದ ಉಂಟಂತೆ. ಎಲ್ಲರೂ ಹೇಳ್ತಾರೆ. ನಾನು ನೋಡ್ಲಿಲ್ಲ."

ಹನೀಫ್, "ಕಪ್ಪು ಒಡೆಯದ ಹಾಗೆ ತೆಗೀರಿ" ಎಂದ.

ಎರಡನೆಯ ಗೋಡೆಗೆ ಮತ್ತೆ ಮಣ್ಣು ಕಲಸಿದೆ. ಈ ಸಲದ ಟೈಲುಗಳು ಕಿಲ್ನಿನಿಂದ ಸ್ವಲ್ಪ ಕಪ್ಪಾಗಿ ಬಂದವು, ಎರಡು ಬದಿಯ ಬಣ್ಣ ಹೊಂದಲಿಲ್ಲ. ಬೇರೆ ಮನೆಯಾಗಿದ್ದರೆ ಎಲ್ಲವನ್ನೂ ಮತ್ತೆ ಸುಡುತ್ತಿದ್ದೆ. ಇಲ್ಲಿ ಕಣ್ಣು ಮುಚ್ಚಿ ಬೆರಳಿನಿಂದ ಪರೀಕ್ಷಿಸಿ, ಅಂಚು ಒರಟಾಗಿದ್ದವನ್ನು ಮಾತ್ರ ಬದಿಗಿಟ್ಟು ಉಮೇಶರಿಗೆ ಕೊಟ್ಟೆ.

ಎರಡನೆಯ ಪರೀಕ್ಷೆಯ ದಿನ ಬೀಫಾತಿಮ್ಮ ನಮ್ಮನ್ನು ಪ್ಯಾಸೇಜಿನಲ್ಲಿ ನಿಲ್ಲಲು ಬಿಡಲಿಲ್ಲ. "ನೀವೆಲ್ಲ ಉಸಿರು ಹಿಡಿದು ನಿಲ್ಲುವುದು ನನಗೆ ಕೇಳ್ತದೆ. ಹೊರಗೆ ಹೋಗಿ."

ಮನೆಯ ಮುಂದಿನ ಸಿಟೌಟಿನಲ್ಲಿ ಕುಳಿತೆವು. ನಳ್ಳಿ ತಿರುಗಿಸಿದ್ದು ಕೇಳಿತು, ನೀರು ಬಿದ್ದದ್ದು ಕೇಳಿತು, ನಿಂತದ್ದೂ ಕೇಳಿತು. ಮತ್ತೆ ಏನೂ ಇಲ್ಲ. ಝೊಹರಾ ಅರ್ಧ ಎದ್ದಳು. "ಕೂತ್ಕೊಳ್ಳಿ ಅಕ್ಕ" ಎಂದರು ಉಮೇಶ್, ಆದರೆ ಅವರೇ ಎದ್ದು ನಿಂತಿದ್ದರು.

ಆಗ ಒಳಗಿನಿಂದ, ಕೋಣೆಯ ಬಾಗಿಲಿಗೆ ಚಿಲಕ ಹಾಕಿದ ಶಬ್ದ ಬಂತು. ಝೊಹರಾ ಮತ್ತೆ ಕುಳಿತಳು. ಉಮ್ಮ ನಮಾಝಿಗೆ ನಿಂತಿದ್ದಾರೆ ಎಂದಳು. ಬಿದ್ದ ದಿನದಿಂದ ಆ ಬಾಗಿಲಿಗೆ ಯಾರೂ ಚಿಲಕ ಹಾಕಲು ಬಿಟ್ಟಿರಲಿಲ್ಲವಂತೆ. ಅಲ್ಲಿಂದಲೇ ಮೇಸ್ತ್ರಿಗೆ ಫೋನ್ ಮಾಡಿ, ಬರುವುದು ಬೇಡ ಎಂದಳು.

ಆ ಮನೆಯ ನಂತರ ನನ್ನ ಅಳತೆ ತೆಗೆಯುವ ಕ್ರಮ ಬದಲಾಗಿದೆ. ಟೇಪು ಹಿಡಿಯುವ ಮುಂಚೆ ಮನೆಯವರನ್ನು ಒಮ್ಮೆ ನಡೆಯಲು ಹೇಳುತ್ತೇನೆ. ಅವರು ಆ ಕೊನೆ ಮುಟ್ಟಿ, ಆಯಿತಲ್ಲ ಎಂಬಂತೆ ನನ್ನ ಕಡೆ ನೋಡುತ್ತಾರೆ. ನಾನು ಏನೂ ಬರೆದುಕೊಳ್ಳುವುದಿಲ್ಲ. ಅವರು ತಿರುಗಿ ಬರುವವರೆಗೆ ಕಾಯುತ್ತೇನೆ.