ಬಾಣದಮ್ಮನ ಬಿಲ್ಲಿನ ತೋಳು

ನನ್ನ ಚಿಕ್ಕಮ್ಮನ ಅಡ್ಡಬಿಲ್ಲಿನ ಬಲತೋಳು ಸೀಳುಬಿಟ್ಟಾಗ ದೊಡ್ಡ ಶಬ್ದವೇನೂ ಆಗಲಿಲ್ಲ. ಒಣಗಿದ ಕಾಳಿನ ಕಾಯಿ ಬಿಸಿಲಿಗೆ ಸಿಡಿದಂತೆ ಚಟ್ ಎಂದಿತು, ಅಷ್ಟೆ. ಅವರು ಕೆಲಸ ಮಾಡುವ ಸಸಿಗಳ ನರ್ಸರಿಯ ಹಿಂದಿನ ಶೆಡ್ಡಿನಲ್ಲಿ ಗೋಣಿಚೀಲವೊಂದನ್ನು ನೇತುಹಾಕಿ, ಆಕೆ ಆ ವರ್ಷದ ಮೊದಲ ಬಾಣವನ್ನು ಪರೀಕ್ಷೆಗೆ ಬಿಟ್ಟಿದ್ದಳು. ಬಾಣ ಚೀಲವನ್ನು ಬಿಟ್ಟು ಪಕ್ಕದ ನೀರಿನ ಡ್ರಮ್ಮಿಗೆ ಬಡಿದು ಬಿತ್ತು.

ಹಗ್ಗದ ಸಿಕ್ಕು ಬಿಡಿಸುತ್ತ ಕೂತಿದ್ದ ಚಿಕ್ಕಪ್ಪ ತಲೆ ಎತ್ತಿದ. "ಯಾಕೇ, ಡ್ರಮ್ಮಿನ ಮೇಲೆ ಏನು ಸಿಟ್ಟು?"

ಚಿಕ್ಕಮ್ಮ ನಗಲಿಲ್ಲ. ತೋಳಿನ ಉದ್ದಕ್ಕೂ ಹೆಬ್ಬೆರಳು ಎಳೆದಳು. ಕೂದಲೆಳೆಯಂಥ ಬಿಳಿಗೆರೆಯೊಂದು ಕಾಣಿಸಿತು. ಒತ್ತಿದರೆ ಅದು ಬಾಯಿ ಬಿಡುತ್ತಿತ್ತು.

ಅಡ್ಡಬಿಲ್ಲು ಎಂದಕೂಡಲೇ ಬೇಟೆ ಎಂದುಕೊಳ್ಳುವವರೇ ಹೆಚ್ಚು. ಚಿಕ್ಕಮ್ಮ ಅದರಿಂದ ಒಂದು ಗುಬ್ಬಿಯನ್ನೂ ಹೊಡೆದವಳಲ್ಲ. ಆಕೆಯ ಬಾಣದ ತುದಿಗೆ ಮೊಂಡು ರಬ್ಬರು, ಬಾಲಕ್ಕೆ ಮೀನು ಹಿಡಿಯುವ ಸಣ್ಣ ದಾರ. ಎತ್ತರದ ಕೊಂಬೆಯೊಂದರ ಮೇಲಿಂದ ಬಾಣ ಹಾರಿ ಆಚೆ ಬದಿಗೆ ಬಿದ್ದರೆ ದಾರ ಕೊಂಬೆಯ ಮೇಲೆ ಉಳಿಯುತ್ತದೆ. ದಾರಕ್ಕೆ ಹುರಿ ಕಟ್ಟಿ ಎಳೆಯುವುದು, ಹುರಿಗೆ ದಪ್ಪ ಹಗ್ಗ ಕಟ್ಟಿ ಎಳೆಯುವುದು. ಆ ಹಗ್ಗ ಹಿಡಿದು ಚಿಕ್ಕಪ್ಪ ಮರ ಹತ್ತಿ, ಬೀಜದ ಕಾಯಿಗಳನ್ನು ಚೀಲಕ್ಕೆ ತುಂಬಿಕೊಂಡು ಇಳಿಯುತ್ತಿದ್ದ. ಗಂಡನ ಜೀವ ನೇತಾಡುವ ಹಗ್ಗವನ್ನು ಹೆಂಡತಿ ಹಾಕುತ್ತಾಳೆ ಎಂಬುದು ನರ್ಸರಿಯಲ್ಲಿ ಎಂದೂ ಹಳಸದ ತಮಾಷೆಯಾಗಿತ್ತು. "ಬೆಳಿಗ್ಗೆ ಮನೇಲಿ ಜಗಳ ಗಿಗಳ ಆಗಿದ್ರೆ ಇವತ್ತು ರಜ ಹಾಕ್ಬಿಡಪ್ಪಾ" ಎಂದು ಯಾರಾದರೊಬ್ಬರು ಅವನನ್ನು ಕೆಣಕುತ್ತಿದ್ದರು.

ಚಿಕ್ಕಮ್ಮ ಆ ಕೆಲಸಕ್ಕೆ ಸೇರಿದವಳಲ್ಲ. ಪ್ಲಾಸ್ಟಿಕ್ ಕೊಟ್ಟೆಗಳಿಗೆ ಮಣ್ಣು ತುಂಬುವ ಹೆಂಗಸರಲ್ಲಿ ಒಬ್ಬಳಾಗಿದ್ದಳು. ಅಡ್ಡಬಿಲ್ಲು ನರ್ಸರಿಗೆ ಹೊಸದಾಗಿ ಬಂದ ದಿನ ಗಂಡಸರೆಲ್ಲ ಸರದಿಯ ಮೇಲೆ ಬಿಟ್ಟು ನೋಡಿ, ಬಾಣಗಳನ್ನೆಲ್ಲ ಪಕ್ಕದ ಕಾರ್ಖಾನೆಯ ತಗಡಿನ ಮಾಡಿಗೆ ದಾನ ಮಾಡಿದ್ದರಂತೆ. ಮಣ್ಣಿನ ಬುಟ್ಟಿ ಹೊತ್ತು ಹೋಗುತ್ತಿದ್ದ ಈಕೆ, "ನಾನೊಂದ್ಸಲ ನೋಡ್ಲಾ?" ಎಂದು ಕೇಳಿದಳು. ಚಿಕ್ಕಂದಿನಲ್ಲಿ ನನ್ನ ಅಮ್ಮನ ಜೊತೆ ತೋಟಗಳಿಗೆ ನುಗ್ಗಿ ಕವಣೆಯಲ್ಲಿ ಹಣ್ಣು ಉದುರಿಸಿದ ಕಣ್ಣು ಅದು. ತೋರಿಸಿದ ಕೊಂಬೆಯ ಮೇಲೆಯೇ ದಾರ ಬಿತ್ತು. ಅಂದಿನಿಂದ ಎಲ್ಲರ ಬಾಯಲ್ಲಿ ಆಕೆ ಬಾಣದಮ್ಮ.

ಕಾಲೇಜು ಓದಲು ಹಳ್ಳಿಯಿಂದ ಬಂದ ನಾನು ಅವರ ಎರಡು ಕೋಣೆಯ ಮನೆಯಲ್ಲಿದ್ದೆ. ಅವರಿಗೆ ಮಕ್ಕಳಿರಲಿಲ್ಲ. ಬಿಲ್ಲಿಗೆ ಮನೆಯಲ್ಲಿ ನನಗಿಂತ ಒಳ್ಳೆಯ ಜಾಗವಿತ್ತು: ಬಟ್ಟೆಯ ಬೀರುವಿನ ಮೇಲೆ, ಹಳೆಯ ಸೀರೆಯ ಮಡಿಕೆಯಲ್ಲಿ. ಬೀಜದ ಕಾಲದಲ್ಲಿ ಕೆಲಸ ಮುಗಿಸಿ ಬಂದವಳು ತನ್ನ ಕೈಕಾಲು ತೊಳೆಯುವ ಮೊದಲು ಹೊಸ್ತಿಲ ಹೊರಗೆ ಕೂತು ಬಿಲ್ಲನ್ನು ಒರೆಸುತ್ತಿದ್ದಳು. ಅವರು ಹತ್ತುತ್ತಿದ್ದುದು ಪೈನ್ ಮರಗಳನ್ನು. ಅವುಗಳ ಅಂಟು ದಾರಕ್ಕೆ ಮೆತ್ತಿ, ದಾರದಿಂದ ಕೈಗೆ ಬಂದು, ಕೈಯಿಂದ ಬಿಲ್ಲಿಗೆಲ್ಲ ಹತ್ತುತ್ತಿತ್ತು. ಬಟ್ಟೆಗೆ ಬಣ್ಣ ಕರಗಿಸುವ ಥಿನ್ನರ್ ಸುರಿದುಕೊಂಡು ತೋಳುಗಳು ಮಿಂಚುವವರೆಗೆ ತಿಕ್ಕುತ್ತಿದ್ದಳು. ಆ ವಾಸನೆಗೆ ಚಿಕ್ಕಪ್ಪ ಮೂಗು ಮುಚ್ಚಿಕೊಂಡು, "ನನ್ನ ಬೆನ್ನು ಒಂದಿನನೂ ಹೀಗೆ ತಿಕ್ಕಲಿಲ್ಲ ನೋಡು ಇವಳು" ಎಂದು ನನ್ನಲ್ಲಿ ದೂರುತ್ತಿದ್ದ.

ಆ ವರ್ಷ ಬಿಲ್ಲು ಬೇಕಾಗಿದ್ದುದು ಒಂದೇ ಒಂದು ಮರಕ್ಕೆ. ಊರಿಗೆ ನೀರು ಕೊಡುವ ಕೆರೆಯ ಏರಿಯ ಮೇಲೆ ಉದ್ದಕ್ಕೂ ಪೈನ್ ಮರಗಳಿದ್ದವು. ಏನೋ ರೋಗ ಬಂದು, ಸೂಜಿಯಂಥ ಎಲೆಗಳು ಕೆಂಪಾಗಿ ಉದುರಿ, ಒಂದೊಂದೇ ಸತ್ತವು. ಕೊನೆಯಲ್ಲಿದ್ದ ಒಂದು ಮುದಿಮರ ಮಾತ್ರ ಹಸಿರಾಗಿ ಉಳಿದಿತ್ತು. ರೋಗವನ್ನು ಇಷ್ಟು ಕಾಲ ತಡೆದ ಮರದ ಬೀಜದಿಂದ ಹುಟ್ಟಿದ ಸಸಿಗಳೂ ಅದನ್ನು ತಡೆಯಬಹುದು ಎಂಬುದು ನರ್ಸರಿಯ ಆಸೆ. ಚಿಕ್ಕಮ್ಮನಿಗೆ ಅದು ಆಸೆಯಷ್ಟೇ ಆಗಿರಲಿಲ್ಲ. ಸತ್ತ ಮರಗಳ ಬೀಜದಿಂದ ತಾನು ಎಬ್ಬಿಸಿದ್ದ ಮಡಿ ಮಡಿ ಸಸಿಗಳನ್ನು, ಅದೇ ರೋಗ ತಗುಲಿದಾಗ, ತನ್ನ ಕೈಯಿಂದಲೇ ಕಿತ್ತು ಬೆಂಕಿಗೆ ಹಾಕಿದ್ದಳು. ಆ ಮರ ಎಷ್ಟೋ ವರ್ಷಗಳ ನಂತರ ಮೈತುಂಬ ಕಾಯಿ ಬಿಟ್ಟಿತ್ತು, ಆದರೆ ತುದಿಯ ಸೂಜಿಗಳಲ್ಲಿ ಆಗಲೇ ಕೆಂಪು ಇಣುಕುತ್ತಿತ್ತು. ಇನ್ನೊಂದು ಫಸಲಿಗೆ ಅದು ಇರುತ್ತದೆಂದು ಯಾರೂ ಧೈರ್ಯವಾಗಿ ಹೇಳುತ್ತಿರಲಿಲ್ಲ.

ಕಾಯಿ ಹಸಿರು ಬಿಟ್ಟು ಕಂದುಬಣ್ಣಕ್ಕೆ ತಿರುಗುವಾಗ, ಇನ್ನೂ ಬಾಯಿ ಮುಚ್ಚಿರುವಾಗಲೇ ಕೀಳಬೇಕು. ಬಿಸಿಗಾಳಿ ಶುರುವಾಯಿತೆಂದರೆ ಪದರಗಳು ತೆರೆದು ಒಳಗಿನ ಬೀಜಗಳು ತಮ್ಮ ಪುಟ್ಟ ರೆಕ್ಕೆಗಳಲ್ಲಿ ಹಾರಿಬಿಡುತ್ತವೆ. ಆ ಕಾಲದ ಗಾಳಿ ಬೀಸುವುದು ಕೆರೆಯ ಕಡೆಗೆ. ಕಾಲಿಗೆ ಮರ ಹತ್ತುವ ಕಬ್ಬಿಣದ ಮುಳ್ಳು ಕಟ್ಟಿ ಹತ್ತೋಣವೆಂದರೆ ಮುಳ್ಳು ಚುಚ್ಚಿದ ಗಾಯದಲ್ಲೇ ರೋಗ ಒಳಹೋಗುತ್ತದೆ. ಏಣಿಯ ಲಾರಿ ತರೋಣವೆಂದರೆ ಮಣ್ಣಿನ ಏರಿ ಅದರ ಭಾರ ತಡೆಯದು. ಮೊದಲ ಕೊಂಬೆಯೇ ಕೈಯಿಂದ ಎಸೆದ ಕಲ್ಲಿಗಿರಲಿ, ದಾರ ಕಟ್ಟಿದ ಕವಣೆಕಲ್ಲಿಗೂ ನಿಲುಕದಷ್ಟು ಮೇಲೆ. ಉಳಿದದ್ದು ಬಿಲ್ಲು, ಅದರ ತೋಳು ಈಗ ಹೀಗೆ.

ತೋಳು ಗಾಜಿನ ನಾರಿನದು. ದೋಣಿಗಳಿಗೂ ಅದನ್ನೇ ಬಳಸುತ್ತಾರೆಂದು ಚಿಕ್ಕಪ್ಪನಿಗೆ ಗೊತ್ತಿತ್ತು. ಮರುದಿನವೇ ಮೂವರೂ ದೋಣಿ ರಿಪೇರಿಯವನ ಬಳಿಗೆ ಹೋದೆವು. ಕವುಚಿ ಹಾಕಿದ ದೋಣಿಯ ಕೆಳಗಿನಿಂದ ಬೂದುಪುಡಿ ಮೆತ್ತಿದ ಮುಖವೊಂದು ಹೊರಬಂತು. ಆತ ತೋಳನ್ನು ಬೆಳಕಿಗೆ ಹಿಡಿದ, ಬೆರಳಿನಿಂದ ತಟ್ಟಿ ಕೇಳಿದ, ಕೊನೆಗೆ ಉಗುರಿನಿಂದ ಕೆರೆದ. ಉಗುರಿನ ಗುರುತು ಉಳಿಯಿತು.

"ಇದನ್ನ ಯಾತರಲ್ಲಿ ಒರೆಸ್ತಿದ್ರಿ?"

"ಥಿನ್ನರಲ್ಲಿ," ಚಿಕ್ಕಮ್ಮ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು. "ಒಂದಿನನೂ ತಪ್ಪಿಸಿಲ್ಲ. ಅಂಟು ಒಂಚೂರೂ ಇರ್ಬಾರ್ದಲ್ಲ."

ಆತ ತೋಳನ್ನು ಬೆಂಚಿನ ಮೇಲೆ ಮೆಲ್ಲಗೆ ಇಟ್ಟ. "ನಾರನ್ನ ಹಿಡ್ಕೊಂಡಿರೋದೇ ಒಂದು ಅಂಟು ಕಣಮ್ಮಾ. ಮರದ ಅಂಟನ್ನ ತೆಗಿಯೋ ಥಿನ್ನರ್ ಅದನ್ನ ಬಿಟ್ಟೀತಾ? ನೀವು ಒರೆಸೀ ಒರೆಸೀ ಒಳಗಿಂದ ಮೆತ್ತಗೆ ಮಾಡಿಟ್ಟಿದ್ದೀರಿ. ಕೊಳೆ ಇದ್ದಿದ್ರೆ ಇನ್ನೂ ಬದುಕಿರೋದು."

ಚಿಕ್ಕಮ್ಮ ತನ್ನ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ಚಿಕ್ಕಪ್ಪ, "ನೋಡು, ನನ್ನ ಬೆನ್ನು ತಿಕ್ಕದೆ ಇದ್ದಿದ್ದೇ ಒಳ್ಳೇದಾಯ್ತು" ಎಂದ. ರಿಪೇರಿಯವನು ನಕ್ಕ. ಆಕೆ ನಗಲಿಲ್ಲ.

ಆತ ಬೇಡವೆನ್ನುತ್ತಲೇ ಸೀಳಿಗೆ ರಾಳ ತುಂಬಿ ಬಟ್ಟೆ ಸುತ್ತಿ ಕೊಟ್ಟ. ಒಣಗಿದ ಮೇಲೆ ಹೆದೆ ಎಳೆದರೆ ಸುತ್ತಿದ ತೋಳು ಮರದ ಹಲಗೆಯಂತೆ ಬಿಗಿದುಕೊಂಡು ನಿಂತಿತು, ಇನ್ನೊಂದು ಮಾತ್ರ ಬಾಗಿತು. ಒಂದು ಹೋರಿಗೆ ಒಂದು ಕರುವನ್ನು ಜೋಡಿ ಕಟ್ಟಿದರೆ ಗಾಡಿ ಎತ್ತ ಹೋದೀತು? ಬಾಣ ಅಡ್ಡಡ್ಡ ಹೋಯಿತು. ಅದೂ ಸಾಲದೆಂಬಂತೆ, ಬಾಗಿದ ಎಡತೋಳಿನ ಮೇಲೂ ಅದೇ ಬಿಳಿಗೆರೆ ಮೂಡಿತು. ಅದಕ್ಕೂ ಅಷ್ಟೇ ಥಿನ್ನರ್ ಕುಡಿಸಿದ್ದಳಲ್ಲ.

ಹೊಸ ತೋಳುಗಳೇ ಬೇಕು ಎಂದಾಯಿತು. ಕ್ರೀಡಾ ಸಾಮಾನಿನ ಅಂಗಡಿಯವನು ಬಿಲ್ಲನ್ನು ತಿರುಗಿಸಿ ಮುರುಗಿಸಿ ನೋಡಿ, ಈ ಮಾದರಿ ನಿಂತುಹೋಗಿದೆ ಎಂದ. ಚಿಕ್ಕಮ್ಮ ಗಲ್ಲಾಪೆಟ್ಟಿಗೆಯ ಮುಂದಿನಿಂದ ಕದಲಲಿಲ್ಲ. "ನಿಂತುಹೋಗೋಕೆ ಅದೇನು ಗಡಿಯಾರಾನಾ? ಯಾರದ್ದಾದ್ರೂ ಗೋಡೌನಲ್ಲಿ ಒಂದು ಜೊತೆ ಇರಲ್ವಾ?"

"ಹುಡುಕಿಸ್ತೀನಮ್ಮಾ. ಬರೋದು ಹಡಗಲ್ಲೋ ವಿಮಾನದಲ್ಲೋ ನನ್ ಕೈಲಿಲ್ಲ."

"ಕಾಯಿ ಒಣಗೋದೂ ನನ್ ಕೈಲಿಲ್ಲ ಕಣಪ್ಪಾ."

ಅಂದಿನಿಂದ ಆಕೆಗೆ ಎರಡೇ ಕೆಲಸ. ಬೆಳಿಗ್ಗೆ ಕೆರೆ ಏರಿಗೆ ಹೋಗಿ ಕುತ್ತಿಗೆ ಎತ್ತಿ ಕಾಯಿಯ ಬಣ್ಣ ನೋಡುವುದು, ಸಂಜೆ ಅಂಗಡಿಗೆ ಹೋಗಿ ಅಂಗಡಿಯವನ ಮುಖ ನೋಡುವುದು. ಹಸಿರಿನಲ್ಲಿ ಹಳದಿ ಬೆರೆಯಿತು, ಹಳದಿ ಕಂದಾಯಿತು. ಅಂಗಡಿಯವನ ಮುಖ ಮಾತ್ರ ಬದಲಾಗಲಿಲ್ಲ. ಕೊನೆಗೆ ಈಕೆ ಬೀದಿಯ ತಿರುವಿನಲ್ಲಿ ಕಂಡಕೂಡಲೇ ಆತ ಒಳಗಿನಿಂದಲೇ ಕೈ ಆಡಿಸಿ ಇಲ್ಲ ಎನ್ನುತ್ತಿದ್ದ. ಆದರೂ ಆಕೆ ಅಂಗಡಿಯವರೆಗೆ ನಡೆದೇ ಹಿಂತಿರುಗುತ್ತಿದ್ದಳು. ಊಟಕ್ಕೆ ಕೂತರೆ ತಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಒರೆಸುತ್ತಿದ್ದವಳು, ಥಟ್ಟನೆ ನೆನಪಾದಂತೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು.

ಪಾರ್ಸಲ್ಲು ಬಂದಾಗ ಕಾಯಿಗಳು ಪೂರ್ತಿ ಕಂದಾಗಿದ್ದವು. ತೋಳುಗಳು ಕಪ್ಪಗೆ, ಹೊಸದಾಗಿ ಹೊಳೆಯುತ್ತಿದ್ದವು. ಬಿಲ್ಲಿನ ನಡುವಿನ ದಿಂಡಿನ ಎರಡು ಬದಿಯಲ್ಲಿ ತೋಳು ಕೂರುವ ಗೂಡುಗಳಿರುತ್ತವೆ. ಚಿಕ್ಕಪ್ಪ ಒಂದನ್ನು ತೂರಿಸಲು ನೋಡಿದ. ಹೋಗಲಿಲ್ಲ. ತಿರುಗಿಸಿ ನೋಡಿದ. ಬಂದದ್ದು ಇದರ ನಂತರದ ಮಾದರಿಯ ತೋಳು, ಒಂದು ಅಕ್ಕಿಕಾಳಿನಷ್ಟು ಅಗಲ ಜಾಸ್ತಿ. ಅಂಗಡಿಯವನು ಬದಲಿ ತರಿಸುತ್ತೇನೆ ಎಂದ. ಚಿಕ್ಕಮ್ಮ ಕಿಟಕಿಯ ಆಚೆಯ ಬಿಸಿಲು ನೋಡಿ, ಕೊಡಿ ಇಲ್ಲಿ ಎಂದು ಕೈಚಾಚಿದಳು.

ಮತ್ತೆ ದೋಣಿಯವನ ಬೆಂಚು. "ಅಂಚು ಉಜ್ಜಿದ್ರೆ ನಾರು ತುಂಡಾಗತ್ತೆ ತಾಯಿ, ಹೊಸದಾದ್ರೂ ನಿಲ್ಲಲ್ಲ," ಎಂದ ಆತ. ದಿಂಡಿನ ಗೂಡನ್ನು ಅಗಲ ಮಾಡಲು ಅದರ ಗೋಡೆ ಈಗಾಗಲೇ ತೆಳ್ಳಗಿತ್ತು. ಚಿಕ್ಕಮ್ಮ ಎರಡನ್ನೂ ಬಹಳ ಹೊತ್ತು ನೋಡಿದಳು.

"ಅಂಚು ಉಜ್ಜಿದ್ರೆ ಒಂದು ಬಾಣ ತಡೀತದಾ?"

"ಒಂದು ತಡೀಬಹುದು. ಎರಡಕ್ಕೆ ನನ್ನ ಕೇಳ್ಬೇಡಿ."

"ಒಂದೇ ಸಾಕು ಬಿಡಣ್ಣಾ," ಚಿಕ್ಕಪ್ಪ ಹೇಳಿದ. "ಇವಳಿಗೆ ಎರಡು ಯಾವತ್ತು ಬೇಕಾಗಿತ್ತು?"

ಆತ ಅಂಚು ಉಜ್ಜಿ ತೋಳುಗಳನ್ನು ಕೂರಿಸಿಕೊಟ್ಟ. ಗಾಳಿ ಏಳುವ ಮೊದಲೇ ಎಂದು ಮರುದಿನ ಬೆಳಿಗ್ಗೆ ಏರಿಗೆ ಹೋದೆವು. ಚಿಕ್ಕಮ್ಮ ಬಿಲ್ಲಿನ ಮೂತಿಯ ಕಬ್ಬಿಣದ ಬಳೆಗೆ ಕಾಲು ತುರುಕಿ, ಎರಡೂ ಕೈಯಲ್ಲಿ ಹೆದೆ ಎಳೆದು ಸಿಕ್ಕಿಸಿದಳು. ಅದನ್ನು ಪೂರ್ತಿ ಎಳೆಯುವಾಗ ಆಕೆ ಉಸಿರು ಬಿಗಿಹಿಡಿದು ತೋಳುಗಳ ಸದ್ದಿಗೆ ಕಿವಿಗೊಟ್ಟಳು. ಗುರಿ, ನಡುಮರದಲ್ಲಿದ್ದ ತೊಡೆಗಾತ್ರದ ಹಸಿ ಕೊಂಬೆ. ಎಷ್ಟೋ ಸಲ ನೋಡಿದ್ದೇನೆ, ಆಕೆ ಬಿಲ್ಲಿಗೆ ಕೆನ್ನೆ ಒತ್ತಿ ಹಿಡಿಯುತ್ತಿದ್ದಳು. ಅಂದು ಮುಖವನ್ನು ಒಂದು ಬೆರಳಿನಷ್ಟು ದೂರವಿಟ್ಟಳು, ಮುರಿದು ಮುಖಕ್ಕೆ ಸಿಡಿದೀತೆಂದು. ಬೆರಳಿನಿಂದ ಬಿಲ್ಲಿನ ಕುದುರೆ ಒತ್ತಿದಳು.

ಬಾಣ ಹಾರಿತು, ದಾರ ಸರಸರನೆ ಬಿಚ್ಚಿಕೊಂಡಿತು. ಆದರೆ ಹಸಿ ಕೊಂಬೆಯವರೆಗೆ ಏರದೆ, ಅದರ ಕೆಳಗಿನ ಇನ್ನೊಂದು ಕೊಂಬೆಯ ಮೇಲಿಂದ ಆಚೆಗೆ ಬಿತ್ತು. ಆ ಕೊಂಬೆಯಲ್ಲಿ ಒಂದು ಸೂಜಿಯೂ ಇರಲಿಲ್ಲ. ಸತ್ತ ಕೊಂಬೆ.

ಚಿಕ್ಕಪ್ಪ ದಾರದ ತುದಿಗೆ ಹುರಿ ಕಟ್ಟಲು ಶುರುಮಾಡಿದ.

"ಏನ್ಮಾಡ್ತಿದ್ದೀರಿ?"

"ದಪ್ಪ ಇದೆ ಕಣೇ. ನನ್ನೊಬ್ಬನ ಭಾರ ತಡೆಯತ್ತೆ. ಅಲ್ಲಿಂದ ಮೇಲಿನದಕ್ಕೆ ದಾಟ್ಕೋತೀನಿ."

"ಸತ್ತಿರೋದು ಅದು."

"ಗೊತ್ತು. ಮೆತ್ತಗೆ ಹೋಗ್ತೀನಿ."

ಚಿಕ್ಕಮ್ಮ ಮರದ ಮೇಲಿನ ಕಾಯಿಗಳನ್ನು ನೋಡಿದಳು. ಗೊಂಚಲು ಗೊಂಚಲು, ಕೈಗೆ ಸಿಕ್ಕೇ ಬಿಟ್ಟವೆಂಬಂತೆ. ಆಮೇಲೆ ಗಂಡನನ್ನು ನೋಡಿದಳು. ಅವನು ಸೊಂಟದ ಪಟ್ಟಿ ಬಿಗಿಯುತ್ತಿದ್ದ. ಆಕೆ ದಾರವನ್ನು ಮುಂಗೈಗೆ ಸುತ್ತಿಕೊಂಡು ಒಂದೇ ಸಮನೆ ಎಳೆಯತೊಡಗಿದಳು. ಅವನು ಇನ್ನೂ ಬಿಗಿಯದಿದ್ದ ಹುರಿಯ ಗಂಟು ಬಿಚ್ಚಿಹೋಯಿತು. "ಹುಚ್ಚು ಹಿಡೀತೇನೇ ನಿಂಗೆ? ಮತ್ತೆ ಬಿಡೋಕಾಗಲ್ಲ!" ಎಂದು ಅವನು ಕೂಗಿದ. ಆಕೆ ಎಳೆಯುತ್ತಲೇ ಇದ್ದಳು. ದಾರ ಕೊಂಬೆ ದಾಟಿ, ಸುರುಳಿ ಸುರುಳಿಯಾಗಿ ಆಕೆಯ ಕಾಲಬುಡಕ್ಕೆ ಬಿತ್ತು.

"ಇನ್ನೊಂದು ಬಿಡ್ತೀನಿ," ಎಂದಳು.

ಹೆದೆ ಅರ್ಧ ಬಂದಿತ್ತು. ಉಜ್ಜಿದ ಅಂಚಿನಿಂದ ನಾರುಗಳು ಪೊರಕೆಯ ಕಡ್ಡಿಗಳಂತೆ ಎದ್ದು, ಎಡತೋಳು ಬುಡದಲ್ಲಿ ಬಾಗಿ, ಹಾಗೇ ನಿಂತಿತು. ಆಕೆ ಹೆದೆಯನ್ನು ನಿಧಾನವಾಗಿ ಸಡಿಲಿಸಿ, ಬಿಲ್ಲನ್ನು ನೆಲಕ್ಕಿಟ್ಟು, ಅದರ ಪಕ್ಕದಲ್ಲೇ ಕೂತಳು. ಚಿಕ್ಕಪ್ಪ ಸೊಂಟದ ಪಟ್ಟಿ ಬಿಚ್ಚಿ ಹಗ್ಗ ಸುತ್ತತೊಡಗಿದ.

ನರ್ಸರಿಯ ಮೇಲ್ವಿಚಾರಕರು ಯಾರು ಯಾರಿಗೋ ಫೋನು ಮಾಡಿದರು. ಬೇರೆ ಊರಿನ ನರ್ಸರಿಯವರು ತಮ್ಮ ಬಿಲ್ಲನ್ನು ಕೊಡಲೊಪ್ಪಿದರು, ತಮ್ಮ ಕೆಲಸ ಮುಗಿದ ಮೇಲೆ. ಅಷ್ಟರಲ್ಲಿ ಬಿಸಿಗಾಳಿ ಬಂತು.

ನಾವು ಗೋಣಿ, ಸೊಳ್ಳೆಪರದೆ, ಹಾಸಿಗೆಯ ಹೊದಿಕೆ, ಕೈಗೆ ಸಿಕ್ಕಿದ್ದನ್ನೆಲ್ಲ ಹೊತ್ತುಕೊಂಡು ಏರಿಗೆ ಓಡಿದೆವು. ಮರದಿಂದ ಸಣ್ಣ ಚಿಟಿಚಿಟಿ ಸದ್ದು ಬರುತ್ತಿತ್ತು, ಕಾಯಿಗಳು ಬಾಯಿ ಬಿಡುವ ಸದ್ದು. ಬೀಜಗಳು ಗಿರಗಿರನೆ ತಿರುಗುತ್ತ ನಮ್ಮ ತಲೆಯ ಮೇಲಿಂದ ಕೆರೆಯ ಕಡೆಗೆ ಹೋದವು. ಹೊದಿಕೆಯ ನಾಲ್ಕು ಮೂಲೆ ಹಿಡಿದು ಅತ್ತ ಓಡಿದರೆ ಅವು ಇತ್ತ, ಇತ್ತ ಓಡಿದರೆ ಅತ್ತ. ಚಿಕ್ಕಮ್ಮ ಸೀರೆ ಎತ್ತಿಕಟ್ಟಿ ಮೊಣಕಾಲುದ್ದ ನೀರಿಗೆ ಇಳಿದಳು. ನೀರಿನ ಮೇಲೆ ಕಂದು ಹೊಟ್ಟು ಹರಡಿದಂತೆ ಬಿದ್ದಿದ್ದ ಬೀಜಗಳು ಆಕೆ ಎಬ್ಬಿಸಿದ ಅಲೆಗೇ ಇನ್ನಷ್ಟು ದೂರ ಸರಿದವು. ಅವುಗಳ ಕೆಳಗೆ ಮೀನುಗಳು ಬಾಯಿ ತೆರೆದು ಬಂದವು.

ಸಂಜೆಯ ಹೊತ್ತಿಗೆ ಗಾಳಿ ತಗ್ಗಿತು. ಸೊಳ್ಳೆಪರದೆಗೆ ಸಿಕ್ಕಿದ್ದ ಒಂದಷ್ಟು ಬೀಜಗಳನ್ನು ಚಿಕ್ಕಮ್ಮ ಅಂಗೈಗೆ ಹಾಕಿಕೊಂಡು, ಒಂದೊಂದನ್ನೇ ಹಲ್ಲಿನಲ್ಲಿ ಕಚ್ಚಿ ನೋಡಿದಳು. ಸುತ್ತಲಿನ ಮರಗಳೆಲ್ಲ ಸತ್ತು ಒಂಟಿಯಾಗಿ ನಿಂತ ಮರ ಅದು. ಪರಾಗ ಕೊಡಲು ಅದಕ್ಕೆ ಜೊತೆಯೇ ಇರಲಿಲ್ಲ.

"ಜೊಳ್ಳು," ಎಂದಳು. ಇನ್ನೊಂದನ್ನು ಕಚ್ಚಿದಳು. "ಇದೂ ಜೊಳ್ಳೇ."

"ಎಲ್ಲಾನೂ ಹಾಗೇ ಇತ್ತೇನೋ ಬಿಡೇ," ಚಿಕ್ಕಪ್ಪ ಮೆಲ್ಲಗೆ ಹೇಳಿದ. "ಕಿತ್ತಿದ್ರೂ ಏನೂ ಸಿಗ್ತಿರ್ಲಿಲ್ಲ."

"ಹಗುರ ಇರೋದು ಪರದೆಗೆ ಸಿಕ್ತು. ಗಟ್ಟಿ ಇದ್ದಿದ್ದು ಎಲ್ಲಿ ಹೋಯ್ತೋ ನಿಮಗೇನು ಗೊತ್ತು?"

ಆಕೆ ಅಂಗೈಯಲ್ಲಿದ್ದ ಉಳಿದ ಬೀಜಗಳನ್ನು ಕಚ್ಚದೆ ಸೆರಗಿನ ತುದಿಗೆ ಕಟ್ಟಿಕೊಂಡಳು.