ಪ್ರೊಟೆಸ್ಟ್ ಇದ್ದ ಪುಟ

ಶಾಲಾ ಮಕ್ಕಳ ಇಂಗ್ಲಿಷ್ ನಿಘಂಟು ಅಚ್ಚಾಗುವ ಆ ಮುದ್ರಣಾಲಯದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಆಕೆ ಕೆಂಪು ಪೆನ್ನಿನಕ್ಕ. ಮೂವತ್ತೊಂದು ವರ್ಷ ಕರಡು ತಿದ್ದಿ ತಿದ್ದಿ, ಬಸ್ ಟಿಕೆಟ್ಟಿನಲ್ಲೂ ತಪ್ಪು ಹುಡುಕುವ ಚಟ ಅಂಟಿಕೊಂಡಿತ್ತು. ಅವಳ ಸಹಿ ಬೀಳದ ಪುಟ ಯಂತ್ರಕ್ಕೆ ಹೋಗುತ್ತಿರಲಿಲ್ಲ.

ಅದು ಜೋಡಿ ಕೆಲಸ. ಎದುರು ಕುರ್ಚಿಯವನು ಮೂಲಪ್ರತಿಯನ್ನು ಅಲ್ಪವಿರಾಮ, ಪೂರ್ಣವಿರಾಮ ಸಮೇತ ಗಟ್ಟಿಯಾಗಿ ಓದಬೇಕು. ಅಕ್ಕ ಕರಡಿನ ಮೇಲೆ ಬೆರಳಾಡಿಸುತ್ತ, ಏನಾದರೂ ತಪ್ಪಿಹೋಗಿದ್ದರೆ ‘ಬಿಟ್ಟಿದೆ’ ಎಂದು ಕೂಗಬೇಕು. ಹನ್ನೆರಡು ವರ್ಷದಿಂದ ಓದುತ್ತಿದ್ದವನಿಗೆ ಅಕ್ಕನೇ ಇಟ್ಟ ಹೆಸರು ಕಂಠ. ಕೆಮ್ಮಿದರೂ ಪಕ್ಕದ ಬೀದಿಗೆ ಕೇಳುತ್ತಿತ್ತು.

ಸೋಮವಾರ ‘ಪ್ರೊಟೆಸ್ಟ್’ ಇದ್ದ ಪುಟ ಮೇಲಿನವರ ಕೈ ದಾಟಿ ಬಂತು. ‘ಮುಂದೆ ನಿಂತು ಸಾಕ್ಷಿ ಹೇಳು ಎಂಬ ಲ್ಯಾಟಿನ್ ಬೇರಿನಿಂದ ಬಂದ ಪದ, ಒಪ್ಪದ್ದನ್ನು ಎಲ್ಲರೆದುರು ಹೇಳುವುದು’ ಎಂಬ ಸಾಲಿಗೆ ಮಸಿ ಬಳಿದಿತ್ತು. ‘ಗಲಭೆ ಎಬ್ಬಿಸುವುದು’ ಎಂಬುದಷ್ಟೇ ಉಳಿದಿತ್ತು.

“ಇದನ್ನ ನಾನು ಓದಲ್ಲ ಅಕ್ಕ,” ಎಂದ ಕಂಠ. ಮಧ್ಯಾಹ್ನ ಬಿಳಿ ಅಂಗಿಯವನೊಬ್ಬ ಬಾಗಿಲಲ್ಲಿ ನಿಂತು ಅವನನ್ನು ನಯವಾಗಿ ಕರೆದ: “ಐದೇ ನಿಮಿಷ ಬನ್ನಿ. ಚೀಲ ಯಾಕೆ, ಇರ್ಲಿ ಬಿಡಿ.”

ಗುರುವಾರವಾದರೂ ಕಂಠ ಮರಳಿರಲಿಲ್ಲ. ಚೀಲ ಇನ್ನೂ ಕುರ್ಚಿಗೆ ನೇತಾಡುತ್ತಿತ್ತು. ಅದರೊಳಗಿನ ಡಬ್ಬಿಯ ಊಟ ಹಳಸಿ ನಾರುತ್ತಿದ್ದರೂ ಮುಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಕಂಠನ ಹೆಂಡತಿ ಬೆಳಗ್ಗೆ ಸಂಜೆ ಫೋನು ಮಾಡಿ “ಬಂದ್ರಾ ಅಕ್ಕ?” ಎನ್ನುತ್ತಿದ್ದಳು.

ಮ್ಯಾನೇಜರ್ ಪುಟ ತಂದಿಟ್ಟ. “ಕಣ್ಮುಚ್ಕೊಂಡು ಒಂದು ಸಹಿ ಹಾಕಿಬಿಡಮ್ಮ. ನಿನ್ನ ದಮ್ಮಯ್ಯ.”

“ಕಣ್ಣು ಬಿಟ್ಕೊಂಡು ಇರೋದಕ್ಕೇ ತಾನೇ ನನಗೆ ಸಂಬಳ? ಓದೋರು ಬೇಕಲ್ಲ.”

ಬಿಳಿ ಅಂಗಿಯವನೇ ಬಂದು ಕಂಠನ ಕುರ್ಚಿಯಲ್ಲಿ ಕೂತ. ವಾಸನೆಗೆ ಮೂಗು ಸಿಂಡರಿಸಿ ಓದಿದ: “ಪ್ರೊಟೆಸ್ಟ್. ಗಲಭೆ ಎಬ್ಬಿಸುವುದು. ಪೂರ್ಣವಿರಾಮ.”

ಅಕ್ಕನ ಬೆರಳು ಆ ಪೂರ್ಣವಿರಾಮದ ಮೇಲೆ ನಿಂತಿತು. ಭಯವಿತ್ತು, ಸುಳ್ಳೇಕೆ.

“ಬಿಟ್ಟಿದೆ,” ಎಂದಳು.

“ಪ್ರತಿಯಲ್ಲೇ ಇಲ್ವಲ್ಲ ಮೇಡಂ.”

“ಬಿಟ್ಟಿದೆ,” ಎಂದು ಇನ್ನಷ್ಟು ಗಟ್ಟಿಯಾಗಿ ಹೇಳಿ, ಮಸಿ ಬಳಿದ ಸಾಲನ್ನು ನೆನಪಿನಿಂದಲೇ ಅಂಚಿನಲ್ಲಿ ಕೆಂಪಕ್ಷರದಲ್ಲಿ ಅಕ್ಷರ ಬಿಡದೆ ಬರೆದಳು. ಕೆಳಗೆ ಸಹಿ ಹಾಕಿದಳು. ಯಂತ್ರದ ಹುಡುಗಿಯರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಮ್ಯಾನೇಜರ್ ನೆಲ ನೋಡುತ್ತಿದ್ದ.

ಬಿಳಿ ಅಂಗಿಯವನು ಪುಟ ಮಡಚಿ ಜೇಬಿಗಿಟ್ಟ. “ಐದೇ ನಿಮಿಷ ಬನ್ನಿ ಮೇಡಂ. ಚೀಲ ಇಲ್ಲೇ ಇರ್ಲಿ.”

ಅಕ್ಕ ಕನ್ನಡಕ ಒರೆಸಿಕೊಂಡಳು. ತನ್ನ ಚೀಲವನ್ನು ಹೆಗಲಿಗೆ ಹಾಕಿದಳು. ಎದುರು ಕುರ್ಚಿಗೆ ಹೋಗಿ ಕಂಠನ ಚೀಲವನ್ನೂ ತೆಗೆದು ಇನ್ನೊಂದು ಹೆಗಲಿಗೆ ಏರಿಸಿದಳು.

“ಅವನ ಡಬ್ಬಿ ತೊಳೀಬೇಕು,” ಎಂದು ಬಾಗಿಲ ಕಡೆ ನಡೆದಳು. ಹಿಂದೆ ಮೇಜಿನ ಮೇಲೆ ಫೋನು ಬಡಿದುಕೊಳ್ಳತೊಡಗಿತು. ಯಾರೂ ಎತ್ತಲಿಲ್ಲ.