ಜಪಾನಿನಿಂದ ಬಂದ ಬಿಳಿ ಹಾಳೆ

ಆ ಪುಸ್ತಕ ಪೋಲೆಂಡಿನಿಂದ ಅಂಚೆಯಲ್ಲಿ ಸಿದ್ದಾಪುರಕ್ಕೆ ಬಂದದ್ದು ತೊಂಬತ್ತರ ದಶಕದ ಕೊನೆಯ ಒಂದು ಜೂನ್ ತಿಂಗಳಲ್ಲಿ. ನಾನಾಗ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರ. ಶಿರಸಿಯ ಕಲಾ ಶಿಬಿರವೊಂದರಲ್ಲಿ ಪರಿಚಯವಾದ ವಿದೇಶಿ ಕಲಾವಿದೆಯೊಬ್ಬಳು ನನ್ನನ್ನೂ ಈ ಚಿತ್ರಪುಸ್ತಕದ ಕೆಲಸಕ್ಕೆ ಸೇರಿಸಿದ್ದಳು. ಐದು ದೇಶದ ಐವರು, ಒಬ್ಬೊಬ್ಬರಿಗೆ ಒಂದೊಂದು ಹಾಳೆ, ಇರುವುದು ಒಂದೇ ಪ್ರತಿ. ತನ್ನ ಹಾಳೆಯ ಚಿತ್ರ ಮುಗಿಸಿದವರು ಪುಸ್ತಕವನ್ನು ಮುಂದಿನವರಿಗೆ ಅಂಚೆಯಲ್ಲಿ ಕಳಿಸಬೇಕು. ನಾನೇ ಕೊನೆಯವನು. ಊರೆಲ್ಲ ಹೇಳಿಕೊಂಡು ತಿರುಗಿದೆ, ಯಲ್ಲಾಪುರದ ನೆಂಟರ ಮನೆಗೂ ಒಯ್ದು ತೋರಿಸಿ ಬಂದೆ. ನನ್ನ ಚಿತ್ರವನ್ನು ಮಾತ್ರ ಬರೆಯಲಿಲ್ಲ.

ಐವರಲ್ಲಿ ಒಬ್ಬಳಾದ ಜಪಾನಿನವಳ ಹಾಳೆಯಲ್ಲಿ ಬಣ್ಣವಿಲ್ಲ, ಗೆರೆಯಿಲ್ಲ. ಬಿಳಿ ಕಾಗದವನ್ನು ಹಿಂದಿನಿಂದ ಒತ್ತಿ ಉಬ್ಬಿಸಿದ ಚಿತ್ರ: ಒಂದು ಕಿಟಕಿ, ಮಂಚ, ಮಡಚಿಟ್ಟ ಹೊದಿಕೆ. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತಿತ್ತು.

ಆಗಸ್ಟಿನಲ್ಲಿ ಮೂರು ವಾರದ ತರಬೇತಿಗೆಂದು ಧಾರವಾಡಕ್ಕೆ ಹೋದೆ. ಮರಳುವಷ್ಟರಲ್ಲಿ ಜಪಾನಿನಿಂದ ಕಾಗದ ಬಂದಿತ್ತು. ಬರೆದವನು ಅವಳ ಗಂಡ. ಅವಳು ತೀರಿಕೊಂಡಿದ್ದಳು. ಆಸ್ಪತ್ರೆಯಲ್ಲಿ ಮಾಡಿದ ಆ ಹಾಳೆಯೇ ಅವಳ ಕೊನೆಯ ಕೆಲಸ, ಅದು ಪೂರ್ತಿಯಾದ ಮೇಲೆ ಅವನು ನೋಡಿರಲಿಲ್ಲ. ನಿಮ್ಮ ಸರದಿ ಮುಗಿದ ಕೂಡಲೇ ಪುಸ್ತಕವನ್ನು ನನಗೆ ಕಳಿಸುತ್ತೀರಾ ಎಂದು ಕೇಳಿದ್ದ.

ಮೇಜಿನ ಮೇಲೆ ಪುಸ್ತಕ ಇರಲಿಲ್ಲ. ನನ್ನ ತಾಯಿ, ಆಯಿ, ಅಡುಗೆಮನೆಯಿಂದ ತಂದುಕೊಟ್ಟಳು.

"ಬೂಷ್ಟು ಹಿಡೀತು ಹೇಳಿ ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದಿ ತಮಾ. ನೋಡು, ಒಂಚೂರೂ ಹಾಳಾಜಿಲ್ಲೆ."

ಬಿತ್ತನೆಯ ಸೌತೆಬೀಜ, ಅಜ್ಜನ ತಾಳೆಗರಿ, ನಮ್ಮೆಲ್ಲರ ಜಾತಕ ಮಳೆಗಾಲ ಕಳೆಯುತ್ತಿದ್ದುದು ಅಲ್ಲೇ. ಕಳೆದುಕೊಳ್ಳಬಾರದ್ದನ್ನೇ ಅವಳು ಹೊಗೆಗೆ ಇಡುತ್ತಿದ್ದಳು. ಬೂಷ್ಟು ಹಿಡಿದಿರಲಿಲ್ಲ, ನಿಜ. ಬಿಳಿ ಹಾಳೆ ಮಾತ್ರ ಚಹಾದ ಬಣ್ಣಕ್ಕೆ ತಿರುಗಿತ್ತು. ಆಯಿಯ ಕಣ್ಣಿಗೆ ಅದು ಖಾಲಿ ಹಾಳೆ, ಏನು ಕೆಟ್ಟಿತೆಂದು ಅವಳಿಗೆ ತಿಳಿಯಲಿಲ್ಲ. ಜಪಾನಿನವಳು ತೀರಿಹೋದ ಸುದ್ದಿಯನ್ನಷ್ಟೇ ಹೇಳಿದೆ.

ಅಲ್ಲಿಗೇ ಬಿಟ್ಟಿದ್ದರೆ ಚಿತ್ರವಾದರೂ ಉಳಿಯುತ್ತಿತ್ತು. ಆಯಿ ದೇವಸ್ಥಾನಕ್ಕೆ ಹೋದದ್ದೇ ತಡ, ಬಾಗಿಲು ಹಾಕಿಕೊಂಡು ರಬ್ಬರಿನಿಂದ ಉಜ್ಜಲು ಕೂತೆ. ಡ್ರಾಯಿಂಗ್ ಮಾಸ್ತರನ ಬುದ್ಧಿ! ಹೊಗೆಯ ಬಣ್ಣ ಹೋಗಲಿಲ್ಲ, ಕಾಗದದ ಉಬ್ಬು ಹೋಯಿತು. ಮೊದಲು ಹೊದಿಕೆ, ಆಮೇಲೆ ಮಂಚ. ಕಿಟಕಿಯ ಒಂದು ಮೂಲೆ ಉಳಿದಾಗ ಗಾಬರಿಯಾಗಿ ಕೈ ಬಿಟ್ಟೆ.

ನನ್ನ ಹಾಳೆಯನ್ನು ಖಾಲಿ ಬಿಟ್ಟೇ ಪುಸ್ತಕ ಕಳಿಸಿದೆ. ಜೊತೆಗೊಂದು ಕಾಗದ. ಓದು ಬರಹ ಬಾರದ ನನ್ನ ತಾಯಿ ಇದನ್ನು ಹೊಗೆಯಲ್ಲಿಟ್ಟಳು ಎಂದು ಬರೆದೆ, ಅದು ನಿಜ. ಆಮೇಲೆ ಉಜ್ಜಿದವಳೂ ಅವಳೇ ಎಂದು ಬರೆದೆ. ಇಂಗ್ಲಿಷಿನಲ್ಲಿ ಸುಳ್ಳು ಹೇಳುವುದು ಎಷ್ಟು ಸಲೀಸಾಗಿತ್ತು! ಇವತ್ತಿಗೂ ಆ ಸಾಲು ನೆನಪಾದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಎರಡು ತಿಂಗಳಿಗೆ ಉತ್ತರ ಬಂತು. ಬರೆದದ್ದು ನನಗಲ್ಲ, ಆಯಿಗೆ. ಕಾಪಾಡಬೇಕೆಂದೇ ನೀವು ಹಾಗೆ ಮಾಡಿದಿರಿ, ದಯವಿಟ್ಟು ನೊಂದುಕೊಳ್ಳಬೇಡಿ, ನನ್ನ ಹೆಂಡತಿ ಇದ್ದಿದ್ದರೆ ಅವಳೂ ನಿಮ್ಮನ್ನು ಕ್ಷಮಿಸುತ್ತಿದ್ದಳು. ಇದನ್ನು ನಿಮ್ಮ ಮಗ ನಿಮಗೆ ಓದಿ ಹೇಳಲಿ ಎಂದಿತ್ತು.

ಆಯಿ ಸೆರಗಿಗೆ ಕೈ ಒರೆಸಿಕೊಂಡು ಎದುರು ಬಂದು ಕೂತಳು.

"ಎಂತ ಬರದ್ದ?"

"ನಿನ್ನ ಆರೋಗ್ಯ ಕೇಳಿದ್ದ."

"ಪಾಪ, ಹೆಂಡ್ತಿ ಹೋದ ದುಃಖದಲ್ಲೂ ಎನ್ನ ನೆನಸಿದ್ದ. ಪುಸ್ತಕ ಜೋಪಾನ ಮಾಡಿದ್ದಕ್ಕೆ, ಅಲ್ದಾ?"

ಹೌದು ಎಂದೆ.